ಮೇಘಶ್ರೀ ಹುಟ್ಟುಹಬ್ಬಕ್ಕೆ ಎಷ್ಟು ಕೊಡೋಣ?

ನನ್ನವರ ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಮಾರನೇ ಬೆಳಿಗ್ಗೆ ಗಂಡಸಿ ಊರಿನ ನಮ್ಮ ಬೀದಿಗೆ ಎಂದಿನಂತೆ ನಲ್ಲಿ ನೀರು ಬಂತು. ಬಿಂದಿಗೆ ಹಿಡಿದೆ. ಅದು ತುಂಬಿ ಹರಿದದ್ದು ನನಗೆ ತಿಳಿಯಲಿಲ್ಲ. ಅತ್ತೆ ರುದ್ರಮ್ಮ ಬಂದು ನಲ್ಲಿ ನಿಲ್ಲಿಸಿದರು.

"ನಾಡಿದ್ದು ಮೇಘಂಗೆ ಹದಿನೆಂಟು ತುಂಬ್ತದೆ. ಅವರಣ್ಣ ಮೊಪೆಡ್ಡಿಗೆ ಐದು ಸಾವಿರ ಕೊಡ್ತೀನಿ ಅಂದಿದ್ದ. ಕೊಬ್ಬರಿ ಮಾರಿದ ದುಡ್ಡು ಐತೆ. ಕೊಟ್ಬುಡಾನ."

ಮೇಘಶ್ರೀ ನನ್ನ ನಾದಿನಿ. ಅರಸೀಕೆರೆಯ ಕಾಲೇಜಿಗೆ ಹೋಗುತ್ತಾಳೆ. ಸಂಜೆ ಬಸ್ಸಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಅವಳ ಅಣ್ಣ, ನನ್ನ ಗಂಡ ಇಂದುಧರ, ಹಳೆಯ ಮೊಪೆಡ್ ಒಂದನ್ನು ನೋಡಿಯೂ ಇಟ್ಟಿದ್ದರು.

"ಈಗ ಏಳುನೂರು ಸಾಕು ಅತ್ತೆ," ಎಂದೆ.

"ಏಳುನೂರಾ? ಅಣ್ಣ ಹೋದ, ಅತ್ತಿಗೆ ಕೈ ಬಿಗಿ ಮಾಡಿದ್ಲು ಅಂತಾರೆ ಬೀದಿ ಜನ!"

"ಲೈಸೆನ್ಸಿಗೆ ಅರ್ಜಿ ಹಾಕಲಿ, ತಲೆಗೊಂದು ತಗೊಳ್ಳಲಿ. ಗಾಡಿ ಆಮೇಲೆ."

"ತಲೆಗೇನು? ಎಣ್ಣೆ ಹಚ್ಚಿ ಜಡೆ ಹಾಕ್ಕೊಂಡು ಹೋಗ್ತಾಳೆ."

"ಹೆಲ್ಮೆಟ್ಟು."

"ಅಲ್ಲೇ ಗೂಟದಲ್ಲಿ ನೇತಾಡ್ತೈತಲ್ಲ! ಹೊಸದ್ರಂಗೈತೆ."

ತಿರುಗಿ ನೋಡಿದೆ. ಇಷ್ಟು ದಿನವೂ ಅದು ಅಲ್ಲೇ ಇತ್ತು.

ಅದು ಅರಸೀಕೆರೆಯ ಚನ್ನಪ್ಪನವರದು. ಅವರ ಕೊಬ್ಬರಿ ಮಂಡಿಯಲ್ಲಿ ನನ್ನವರಿಗೆ ಕೆಲಸ. ಹಾಸನಕ್ಕೆ ಹೋದರೆ ಪೊಲೀಸರು ಹಿಡಿಯುತ್ತಾರೆಂದು ಹೆಲ್ಮೆಟ್ ಎರವಲು ತಂದಿದ್ದರು. ಇನ್ನೊಬ್ಬರ ವಸ್ತು, ಗೀರು ಬೀಳಬಾರದು ಎಂದು ಟವೆಲಿನಲ್ಲಿ ಸುತ್ತಿ, ಬಟ್ಟೆ ಚೀಲದಲ್ಲಿಟ್ಟು, ಬೈಕಿನ ಹ್ಯಾಂಡಲಿಗೆ ನೇತುಹಾಕುತ್ತಿದ್ದರು. ಹಾಸನ ಹತ್ತಿರ ಬಂದಾಗ ಮಾತ್ರ ತಲೆಗೆ.

ಅಷ್ಟರಲ್ಲಿ ಮೀನಾಕ್ಷಿ ಸಿಸ್ಟರ್ ಅತ್ತೆಯ ಬಿ.ಪಿ. ನೋಡಲು ಬಂದರು. ನನ್ನವರಿಗೆ ಅಪಘಾತವಾದ ದಿನ ಆಸ್ಪತ್ರೆಯಲ್ಲಿ ಅವರೇ ಇದ್ದರು. ತೋಳಿಗೆ ಪಟ್ಟಿ ಸುತ್ತುತ್ತಿದ್ದಂತೆ ಅತ್ತೆ ಕೇಳಿದರು.

"ಸಿಸ್ಟರೇ, ಅವನ ಕೈಕಾಲೆಲ್ಲ ನೆಟ್ಟಗಿದ್ವಲ್ಲ. ಹೆಂಗೆ ಹೋದ?"

"ರಸ್ತೆ ಮೇಲೆ ಹುರುಳಿ ಒಕ್ಕಣೆಗೆ ಹಾಕಿದ್ರು. ಬೈಕ್ ಜಾರ್ತು. ತಲೆ ಟಾರಿಗೆ ಬಡೀತು. ಅಷ್ಟೇ ಕಣವ್ವ. ಬೇರೆಲ್ಲೂ ಒಂದು ಹೊಲಿಗೆ ಹಾಕೋ ಗಾಯ ಇರ್ಲಿಲ್ಲ."

"ಇದು ಇದ್ದಿದ್ರೆ?" ಅತ್ತೆ ಗೂಟ ತೋರಿಸಿದರು.

ಸಿಸ್ಟರ್ ನನ್ನ ಮುಖ ನೋಡಿದರು. "ಇತ್ತಲ್ಲವ್ವ. ಚೀಲದಲ್ಲಿತ್ತು. ಟವೆಲ್ ಬಿಚ್ಚಿ ನಾನೇ ಕೊಟ್ಟೆ. ತಲೇಲಿದ್ದಿದ್ರೆ ಬಹುಶಃ ಎದ್ದು ಕೂತು ನಿಮ್ಮ ಕೈಲಿ ಬೈಸ್ಕೊಳ್ತಿದ್ರು."

ಅತ್ತೆ ಪಟ್ಟಿಯ ಸಮೇತ ಎದ್ದುನಿಂತರು. ಮತ್ತೆ ಕೂತರು.

"ಜೊತೇಲೇ ಇತ್ತಾ?"

ಸಿಸ್ಟರ್ ಅವರ ತೋಳಿನ ಪಟ್ಟಿ ಬಿಚ್ಚಿದರು.

"ಜೊತೇಲೇ ಇತ್ತಾ?"

ಬಾಗಿಲಲ್ಲಿ ಮೇಘಶ್ರೀ ನಿಂತಿದ್ದಳು. "ಅಮ್ಮ, ನಂಗೆ ಗಾಡೀನೂ ಬ್ಯಾಡ, ದುಡ್ಡೂ ಬ್ಯಾಡ."

"ಸುಮ್ನಿರೇ," ಎಂದರು ಅತ್ತೆ. ನನ್ನ ಕಡೆ ತಿರುಗಿದರು. "ಏಳುನೂರು ಸಾಲ್ತದಾ? ಸಾವಿರ ಕೊಡ್ತೀನಿ. ಗಟ್ಟಿದು ತಗೊಳ್ರಿ. ಅವಳದೇ ಆಗಿರ್ಲಿ. ಗೀರು ಬಿದ್ರೆ ಬೀಳ್ಲಿ."

ಹುಟ್ಟುಹಬ್ಬದ ದಿನ ನಾನೂ ಮೇಘಶ್ರೀಯೂ ಅರಸೀಕೆರೆಗೆ ಹೋಗಿ ಹೆಲ್ಮೆಟ್ ತಂದೆವು. ಲೈಸೆನ್ಸ್ ಬಂದ ಮೇಲೆ ಮೊಪೆಡ್.

ನಿಮ್ಮ ಮನೆಯಲ್ಲೂ ಮಗನೋ ಮಗಳೋ ಹದಿನೆಂಟರ ಹೊಸಿಲಲ್ಲಿರಬಹುದು. ಹುಟ್ಟುಹಬ್ಬಕ್ಕೆ ಎಷ್ಟು ಕೊಡಬೇಕೆಂದು ಯೋಚಿಸುತ್ತಿರಬಹುದು. ಗಾಡಿಯ ಮಾತಿದ್ದರೆ ಮೊದಲು ಹೆಲ್ಮೆಟ್ಟಿನ ದುಡ್ಡು ಎತ್ತಿಡಿ. ಐಎಸ್ಐ ಗುರುತಿನದು, ಅವರ ತಲೆಗೆ ಸರಿಯಾಗಿ ಕೂರುವಂಥದ್ದು ಕೊಡಿಸಿ. ಎರವಲು ಬೇಡ. ಲೈಸೆನ್ಸ್ ಬರುವ ಮುಂಚೆ ಗಾಡಿ ಬೇಡ. ಪಕ್ಕದ ಊರಿಗೇ ಹೋದರೂ ಗಲ್ಲದ ಕೆಳಗೆ ಪಟ್ಟಿ ಬಿಗಿಯಲಿ. ರಸ್ತೆಯ ಮೇಲೆ ಒಕ್ಕಣೆಯನ್ನೂ ಹಾಕಬೇಡಿ.

ಹುಟ್ಟುಹಬ್ಬದ ಆ ದಿನವೇ ಚನ್ನಪ್ಪನವರ ಮಂಡಿಗೂ ಹೋದೆ. ಅವರು ಸ್ಕೂಟರ್ ಹತ್ತುವುದರಲ್ಲಿದ್ದರು, ಬರಿತಲೆಯಲ್ಲಿ. ಅವರ ಹೆಲ್ಮೆಟ್ ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು.

"ಒಂದು ಗೀರೂ ಬಿದ್ದಿಲ್ವಲ್ಲಮ್ಮ," ಎಂದವರು ತಟ್ಟನೆ ಮಾತು ನಿಲ್ಲಿಸಿದರು. "ನೀವೇ ಇಟ್ಕೊಳ್ಳಿ. ನಂಗೆ ಬ್ಯಾಡ."

"ಹಾಕ್ಕೊಳ್ಳಿ," ಎಂದೆ.

ಅವರು ಹಾಕಿಕೊಂಡು ಪಟ್ಟಿ ಬಿಗಿಯುವವರೆಗೂ ಸ್ಕೂಟರಿನ ಮುಂದೆಯೇ ನಿಂತಿದ್ದೆ.