ಬೀಗ ಹಾಕಿದ ಮನೆಯ ದೀಪ

ಚಾಮರಾಜಪೇಟೆಯಲ್ಲಿ ಯಾರಿಗೆ ಬಾಡಿಗೆ ಮನೆ ಬೇಕಾದರೂ ಚೂಡಾಮಣಿಯನ್ನು ಹುಡುಕಿಕೊಂಡು ಬರುತ್ತಿದ್ದ ಕಾಲವದು. ತೊಂಬತ್ತನಾಲ್ಕೋ ತೊಂಬತ್ತೈದೋ ಇರಬೇಕು. ಮನೆ ಬ್ರೋಕರ್ ಕೆಲಸಕ್ಕೆ ಇಳಿದ ಹೆಂಗಸರು ಆಗ ಅಪರೂಪ. ಬಟ್ಟೆಚೀಲದ ತುಂಬ ಬೀಗದಕೈ ಹಾಕಿಕೊಂಡು ಅವಳು ಸಂಜೆ ನಡೆದು ಬರುತ್ತಿದ್ದರೆ, ಕೊರಳಗಂಟೆ ಕಟ್ಟಿದ ಹಸು ಮನೆಗೆ ಮರಳಿದಂತೆ ಕೇಳುತ್ತಿತ್ತು.

ಅಂಥವಳಿಗೂ ಜಾನಕಮ್ಮನವರ ಮನೆಗೆ ಮಾತ್ರ ಜನ ಸಿಗಲಿಲ್ಲ. ಮಂಡಿನೋವು ಹೆಚ್ಚಾಗಿ ಜಾನಕಮ್ಮ ಮಲ್ಲೇಶ್ವರದ ತಮ್ಮನ ಮನೆ ಸೇರಿದ್ದರು. ತಮ್ಮ ಬದರೀನಾರಾಯಣ ಖಡಾಖಂಡಿತವಾಗಿ ಹೇಳಿದ್ದರು: "ಯುಗಾದಿವರೆಗೆ ನೋಡ್ತೀನಮ್ಮ. ಆಮೇಲೆ ಫ್ಲ್ಯಾಟ್ ಕಟ್ಟೋರಿಗೆ ಕೊಟ್ಬಿಡ್ತೀನಿ."

ಅವರು ಅತ್ತ ಹೋದ ಮೇಲೆ ಜಾನಕಮ್ಮ ಚೂಡಾಮಣಿಯ ಕೈ ಹಿಡಿದು, "ಕೆಡವೋಕೆ ಬಿಡಬೇಡ ಕಣೆ" ಎಂದಿದ್ದರು. ಅವಳು ಮಾತು ಕೊಟ್ಟಿದ್ದಳು.

ಬಂದವರಿಗೆಲ್ಲ ಮನೆ ಹಿಡಿಸುತ್ತಿತ್ತು. ತಣ್ಣನೆಯ ಕೆಂಪು ನೆಲ, ಗವಾಕ್ಷಿಯಿಂದ ಇಳಿಯುವ ಹೊಂಬೆಳಕು. ಆಫೀಸು ಮುಗಿಸಿ ಸಂಜೆ ಬರುವವರೇ ಹೆಚ್ಚು. ಅಡಿಗೆಮನೆ ದಾಟಿ ಹಿತ್ತಲ ಬಾಗಿಲು ತೆರೆದರೆ, ತುಳಸಿಕಟ್ಟೆಯಲ್ಲಿ ಹಣತೆ ಉರಿಯುತ್ತಿರುತ್ತಿತ್ತು.

"ಇದನ್ಯಾರು ಹಚ್ಚಿದ್ದು?"

"ಗೊತ್ತಿಲ್ಲ. ಬೀಗದಕೈ ನನ್ನ ಹತ್ರ ಬಿಟ್ರೆ ಇನ್ಯಾರ ಹತ್ರಾನೂ ಇಲ್ಲ" ಎಂದು ಚೂಡಾಮಣಿ ಹೆಮ್ಮೆಯಿಂದಲೇ ಹೇಳುವಳು. ಬಂದವರು ಮುಖ ಮುಖ ನೋಡಿಕೊಂಡು ಚಪ್ಪಲಿ ಮೆಟ್ಟುವರು. ಆ ಮನೆಯಲ್ಲಿ ಏನೋ ಇದೆ ಎಂಬ ಮಾತು ಬೀದಿಯೆಲ್ಲ ಹರಡಿತು.

ಯುಗಾದಿಗೆ ವಾರವಿದ್ದಾಗ ಅವಳು ಮಧ್ಯಾಹ್ನ ಒಬ್ಬಳೇ ಹೋದಳು. ದೆವ್ವಕ್ಕೆ ಯಾವ ಅಂಗಡಿಯವನು ಎಣ್ಣೆ ಕೊಟ್ಟಾನು ಎಂದು ನಗು ಬಂತು. ಹಿತ್ತಲಿನಾಚೆ, ಹಿಂದಿನ ಕಾಲದಲ್ಲಿ ಕಸದವರು ಓಡಾಡಲೆಂದು ಬಿಟ್ಟಿದ್ದ ಕಿರುಗಲ್ಲಿ. ಅದಕ್ಕೊಂದು ಪುಟ್ಟ ಬಾಗಿಲು, ಒಳಗಿನಿಂದ ಅಗುಳಿ. ಪಕ್ಕದ ಹಲಗೆಯಲ್ಲಿ ಕೈ ತೂರುವಷ್ಟು ಸಂದಿ. ಅಗುಳಿಗೆ ಹಸಿರು ಎಳೆಯೊಂದು ಅಂಟಿತ್ತು. ಮೂಸಿದಳು. ಸಬ್ಬಸಿಗೆ.

ಒಗೆಯುವ ಕಲ್ಲಿನ ಮೇಲೆ ಕುಳಿತು ಕಾದಳು. ತೆಂಗಿನ ಗರಿಯ ನೆರಳು ಗೋಡೆಯ ಮೇಲೆ ಮೆಲ್ಲಗೆ ಏರಿತು. ಮನೆಯೇ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದೆ ಎನ್ನಿಸಿ ಕಣ್ಣು ಮುಚ್ಚಿಹೋಯಿತು. ಎಚ್ಚರವಾದಾಗ ಅಗುಳಿ ಸರಿಯುತ್ತಿತ್ತು. ಸೊಪ್ಪಿನ ಬುಟ್ಟಿ ಹೊತ್ತು ಒಳಗೆ ಬಂದವರು ಗಲ್ಲಿಗಲ್ಲಿಯಲ್ಲೂ ಕೂಗಿ ಮಾರುವ ದ್ರೌಪದಮ್ಮ.

"ಅಯ್ಯೋ, ಬ್ರೋಕರಮ್ಮ. ಇಲ್ಯಾಕೆ ತೂಕಡಿಸ್ತಿದೀರಿ? ಊಟ ಆಯ್ತಾ?"

"ದೀಪ ಹಚ್ಚೋದು ನೀವೇನಾ?"

"ಹೂಂ ಮತ್ತೆ. ಜಾನಕಮ್ಮೋರು ದಿನಾ ಇಲ್ಲೇ ಕೂರ್ಸಿ ಮಜ್ಜಿಗೆ ಕೊಡೋರು. ಈ ಬಾಗ್ಲು ಹಿಂಗೆ ತೆಗೀಬೇಕು ಅಂತ ಅವ್ರೇ ತೋರ್ಸಿದ್ದು. ಅವ್ರಿಲ್ಲ ಅಂತ ತುಳಸಿ ಕತ್ತಲಲ್ಲಿರ್ಬೇಕಾ? ಮನೆಗೆ ಒಳ್ಳೆ ಜನ ಬರ್ಲಿ ತಾಯಿ ಅಂತ ಬೇಡ್ಕೊಂಡು ಹಚ್ತೀನಿ."

ದ್ರೌಪದಮ್ಮ ಬುಟ್ಟಿ ಇಳಿಸಿ ಹಣತೆ ಹಚ್ಚಿದರು. ಮಣ್ಣು ಮೆತ್ತಿದ ಆ ಅಂಗೈ ಬತ್ತಿಗೆ ಗಾಳಿ ತಾಗದಂತೆ ಬಾಗಿ ನಿಂತಿತ್ತು.

"ಶನಿವಾರ ಸ್ವಲ್ಪ ಬೇಗ ಬನ್ನಿ" ಎಂದಳಷ್ಟೇ ಚೂಡಾಮಣಿ. "ಮನೆ ನೋಡೋಕೆ ಬರ್ತಾರೆ."

ಶನಿವಾರ ಬಂದವರು ಸ್ಕೂಲ್ ಟೀಚರ್ ಸುಪ್ರಜಾ, ಅವಳ ಗಂಡ ಶ್ರೀಹರಿ. ಚೂಡಾಮಣಿ ಬೀಗದಕೈಯ ಹೆಮ್ಮೆ ಕೊಚ್ಚಿಕೊಳ್ಳಲಿಲ್ಲ. "ಹಿತ್ತಲಲ್ಲಿ ಒಬ್ರು ದೀಪ ಹಚ್ತಿದಾರೆ. ಈ ಮನೆಗೆ ಬೇಕಾದವರು. ಮೊದ್ಲು ಮಾತಾಡಿಸೋಣ ಬನ್ನಿ" ಎಂದಳು.

ಅಂದು ಗಾಳಿ ಜಾಸ್ತಿ. ದ್ರೌಪದಮ್ಮ ತಿರುಗಿ ನೋಡದೆಯೇ, "ಸ್ವಲ್ಪ ಕೈ ಅಡ್ಡ ಹಿಡಿಯಮ್ಮ" ಎಂದರು. ಸುಪ್ರಜಾ ಸೆರಗು ಸಿಕ್ಕಿಸಿಕೊಂಡು ಎರಡೂ ಕೈ ಅಡ್ಡ ಹಿಡಿದಳು. ಬೆಳಕು ಬೆರಳುಗಳ ನಡುವೆ ಕೆಂಪಗೆ ತುಂಬಿತು.

"ಕೋಣೆಗಳನ್ನೇ ಇನ್ನೂ ನೋಡಿಲ್ವಲ್ಲೇ" ಎಂದ ಶ್ರೀಹರಿ.

"ನೀವು ನೋಡ್ಕೊಂಡು ಬನ್ನಿ. ನಂದಾಯ್ತು."

ಹೊರಡುವಾಗ ದ್ರೌಪದಮ್ಮ ಚೂಡಾಮಣಿಯ ಕಿವಿಯಲ್ಲಿ, "ನೋಡಿದ್ರಾ? ದೀಪ ಹಚ್ಚಿದ್ದಕ್ಕೇ ಬಂದ್ರು" ಎಂದರು.

"ಹೌದು" ಎಂದಳು ಚೂಡಾಮಣಿ.

ಒಂದು ಬೀಗದಕೈ ಕಡಿಮೆಯಾದ ಚೀಲ ಹೆಗಲಿಗೇರಿಸಿ, ದ್ರೌಪದಮ್ಮ ಕೊಟ್ಟ ಒಂದು ಕಟ್ಟು ಸಬ್ಬಸಿಗೆ ಹಿಡಿದು ಅವಳು ಮಲ್ಲೇಶ್ವರದ ಬಸ್ಸು ಹತ್ತಿದಳು. ಸೊಪ್ಪಿನ ವಾಸನೆ ಬಸ್ಸಿನ ತುಂಬ ಹಬ್ಬಿತು. ಏನೂ ಹೇಳಬೇಕಿಲ್ಲ, ಜಾನಕಮ್ಮನವರಿಗೆ ಇದೇ ಸಾಕು ಎಂದುಕೊಂಡು ಕಿಟಕಿಗೆ ತಲೆಯಾನಿಸಿದಳು.