ಎಂಟೂವರೆಯ ಮರಣವಾರ್ತೆ

ಊರಿನ ಪುಟ್ಟ ಎ.ಎಂ. ರೇಡಿಯೋ ನಿಲಯದಲ್ಲಿ ಬೆಳಗ್ಗೆ ಎಂಟೂವರೆಗೆ ಮರಣವಾರ್ತೆ ಓದುತ್ತಿದ್ದವಳನ್ನು ಜನ ಎಂಟೂವರೆಯಮ್ಮ ಎಂದೇ ಕರೆಯುತ್ತಿದ್ದರು. ಹಾಸಿಗೆ ಹಿಡಿದವರನ್ನು ಕಂಡರೆ, ಇವನಿನ್ನು ಎಂಟೂವರೆಯ ಗಿರಾಕಿ ಎಂದು ನಗುವಷ್ಟು ಆ ಹೊತ್ತು ಊರಿಗೆ ಒಗ್ಗಿಹೋಗಿತ್ತು. ಅವಳ ಮೇಜಿನ ಹಿಂದಿನ ಗೋಡೆಗೆ ಅವಳದೇ ಕೈಬರಹದ ರಟ್ಟು ತೂಗುತ್ತಿತ್ತು: ಚೀಟಿ ಎಂಟರೊಳಗೆ ಬರಬೇಕು. ಮನೆಯವರ ಸಹಿ ಇರಬೇಕು. ಬರೆದುಕೊಟ್ಟಂತೆ ಎರಡು ಸಲ ಓದಲಾಗುವುದು. ಒಂದಕ್ಷರ ಸೇರಿಸುವುದಿಲ್ಲ, ಬಿಡುವುದಿಲ್ಲ.

ಆ ರಟ್ಟಿನ ದೆಸೆಯಿಂದಲೇ ತಮ್ಮನ ಮನೆಯ ಬಾಗಿಲು ಅವಳಿಗೆ ಮುಚ್ಚಿತ್ತು. ಆರು ವರ್ಷದ ಹಿಂದೆ ತಮ್ಮನ ಹೆಂಡತಿಯ ತಂದೆ ತೀರಿಕೊಂಡಾಗ, ತಮ್ಮ ಏದುಸಿರು ಬಿಡುತ್ತ ಚೀಟಿ ತಂದದ್ದು ಎಂಟು ಹತ್ತಕ್ಕೆ. ಅವಳು ಗಡಿಯಾರ ತೋರಿಸಿದಳು. ಅವನು ಬೇಡಿಕೊಂಡ, ಅವಳು ಜಗ್ಗಲಿಲ್ಲ. ಊರಿಗೆ ಸುದ್ದಿ ಮುಟ್ಟದೆ, ಮಧ್ಯಾಹ್ನದ ಅಂತ್ಯಕ್ರಿಯೆಗೆ ಬಂದದ್ದು ಮನೆಯವರೂ ಸೇರಿ ಹನ್ನೊಂದು ಜನ. ಅರ್ಧ ಊರಿಗೆ ಮಗ್ಗಿ ಕಲಿಸಿದ ಮೇಷ್ಟರನ್ನು ಹೊರಲು ಹೆಗಲು ಸಾಲದೆ, ಗಾಡಿ ಹೊಡೆಯುವವನೂ ಕೈ ಹಾಕಬೇಕಾಯಿತು.

ಈಗ ಎಂಟಕ್ಕೆ ಮೂರು ನಿಮಿಷವಿರುವಾಗ ಆ ತಮ್ಮನ ಹೆಂಡತಿಯೇ ಬಾಗಿಲು ದೂಡಿಕೊಂಡು ಬಂದಳು. ಅತ್ತಿಗೆ ಎನ್ನಲಿಲ್ಲ. ಚೀಟಿಯನ್ನು ಮೇಜಿಗೆ ಹಾಕಿದಳು.

"ಇನ್ನೂ ಮೂರು ನಿಮಿಷ ಇದೆ, ಮೇಡಂ. ಗಡಿಯಾರ ನೋಡ್ಕೊಳ್ಳಿ. ಸಹೀನೂ ಇದೆ."

ಎಂಟೂವರೆಯಮ್ಮ ಅಭ್ಯಾಸದಂತೆ ಮೊದಲು ಸಹಿ ನೋಡಿದಳು, ಆಮೇಲೆ ಅಂತ್ಯಕ್ರಿಯೆಯ ಹೊತ್ತು, ಆಮೇಲೆ ಹೆಸರು. ತಮ್ಮನ ಹೆಸರು. ಇಂದು ನಸುಕಿನಲ್ಲಿ, ಹೃದಯಾಘಾತದಿಂದ. ತಾಯಿ ಹೋದಮೇಲೆ ತಾನೇ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದ ತಮ್ಮ ಇನ್ನಿಲ್ಲವೆಂಬುದನ್ನು ಅವಳು ಊರವರೆಲ್ಲರ ಸಾವಿನಂತೆ ಚೀಟಿಯಲ್ಲಿ ಓದಿ ತಿಳಿದಳು. ಮೃತರು ಹೆಂಡತಿ, ಮಗಳು, ಅಳಿಯ, ಹೆಂಡತಿಯ ಇಬ್ಬರು ತಂಗಿಯರು ಮತ್ತು ಗ್ಯಾರೇಜಿನ ಗೆಳೆಯರನ್ನು ಅಗಲಿದ್ದಾರೆ ಎಂದಿತ್ತು. ಅಕ್ಕನ ಸುದ್ದಿಯೇ ಇರಲಿಲ್ಲ. ಅವಳು ಚೀಟಿ ತಿರುಗಿಸಿ ನೋಡಿದಳು, ಹಿಂಬದಿ ಖಾಲಿ.

"ಒಂದು ಪದ ಬಿಟ್ಟುಹೋಗಿದೆ," ಎಂದಳು.

"ಬಿಟ್ಟುಹೋಗಿಲ್ಲ. ಬಿಟ್ಟಿದ್ದೀನಿ."

"ಅವನು ನನ್ನ ಒಡಹುಟ್ಟಿದವನು ಕಣೇ. ಪೆನ್ನು ಕೊಡ್ತೀನಿ, ನೀನೇ ಸೇರಿಸು."

"ನಮ್ಮಪ್ಪನಿಗೆ ಹತ್ತು ನಿಮಿಷ ಕೊಡದವರಿಗೆ ನಾನು ಒಂದು ಪದ ಕೊಡ್ಬೇಕಾ?" ತಮ್ಮನ ಹೆಂಡತಿ ರಟ್ಟಿನ ಕಡೆ ಬೆರಳು ಮಾಡಿದಳು. "ಓದ್ಕೊಳ್ಳಿ. ನಿಮ್ಮ ಅಕ್ಷರಾನೇ ಅಲ್ವಾ?"

ಹಾಗೆಂದು ಹೊರಗಿನ ಬೆಂಚಿನ ಮೇಲೆ ಚೀಲವನ್ನು ತೊಡೆಗಿಟ್ಟುಕೊಂಡು ಕೂತಳು. ಕೇಳಿಯೇ ಹೋಗುವವಳಂತೆ.

ನಿಲಯದ ಇಂಜಿನಿಯರು ಇಂದು ತಾನೇ ಓದುತ್ತೇನೆ ಎಂದ. ಇಲ್ಲದಿದ್ದರೆ ಒಂದು ಪದ ಸೇರಿಸಿಬಿಡಿ, ಯಾರಪ್ಪನ ಗಂಟು ಹೋಗುತ್ತದೆ ಎಂದ. ಅವಳು ಎರಡಕ್ಕೂ ಒಪ್ಪಲಿಲ್ಲ. ತನಗೋಸ್ಕರ ಮುರಿಯುವ ನಿಯಮವನ್ನು ಆ ಮೇಷ್ಟರಿಗೋಸ್ಕರ ಯಾಕೆ ಮುರಿಯಲಿಲ್ಲ ಎಂದು ದೇವರು ಕೇಳಿದರೆ ಹೇಳಲು ಉತ್ತರವಿರುವುದಿಲ್ಲ. ಮುರಿಯದಿದ್ದರೂ ಉತ್ತರ ಇದೆಯೆಂದು ಅವಳಿಗೆ ಖಾತ್ರಿಯಿರಲಿಲ್ಲ.

ಮೈಕಿನ ಮುಂದೆ ಕೂತು ಕೈಮುಗಿದಳು. ದಿನವೂ ಬೇಡುವಂತೆ, ನಾಲಿಗೆ ತೊದಲದಿರಲಿ ಎಂದಷ್ಟೇ ಬೇಡಿದಳು. ಕೆಂಪು ದೀಪ ಹೊತ್ತಿತು. ಚೀಟಿಯನ್ನು ಇದ್ದಂತೆಯೇ ಓದಿದಳು, ಇನ್ನೊಮ್ಮೆ ಓದಿದಳು. ಎಲ್ಲೂ ತೊದಲಲಿಲ್ಲ. ಕೊನೆಯಲ್ಲಿ, ಓದಿದವರು ನಿಲಯದ ಉದ್ಘೋಷಕಿ ಎಂದು ಮುಗಿಸುವುದು ಪದ್ಧತಿ. ಆ ಸಾಲು ಯಾರ ಚೀಟಿಯದೂ ಅಲ್ಲ, ಅವಳದು.

"ಓದಿದವಳು, ತೀರಿಕೊಂಡವನ ಅಕ್ಕ," ಎಂದಳು.

ಹೊರಗೆ ಬೆಂಚು ಕಿರುಗುಟ್ಟಿತು. ತಮ್ಮನ ಹೆಂಡತಿ ಅಂಗೈಯಿಂದ ಮೈಕಿನ ಕೋಣೆಯ ಗಾಜಿಗೆ ಎರಡು ಸಲ ಬಡಿದು ಹೊರಟುಹೋದಳು.

ಸಂಜೆ ನಾಲ್ಕಕ್ಕೆ ತಮ್ಮನ ಮನೆಯ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳಗ್ಗೆ ರೇಡಿಯೋ ಕೇಳಿದವರೆಲ್ಲ ಬಂದಿದ್ದರು. ಗೇಟಿನಲ್ಲಿ ತಮ್ಮನ ಅಳಿಯ ಅಡ್ಡ ನಿಂತು, ಅತ್ತೆ ಬಿಡಬೇಡ ಅಂದಿದ್ದಾರೆ ಎಂದು ನೆಲ ನೋಡುತ್ತ ಹೇಳಿದ. ಅವಳು ಎದುರಿನ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಜನರ ತಲೆಗಳ ನಡುವೆ ಬಿಳಿ ಬಟ್ಟೆಯ ಒಂದು ಅಂಚನ್ನು ಮಾತ್ರ ಕಂಡಳು.

ಮರುದಿನ ಎಂಟಕ್ಕೆ ಐದು ನಿಮಿಷವಿರುವಾಗ ತಮ್ಮನ ಹೆಂಡತಿ ಇನ್ನೊಂದು ಚೀಟಿ ತಂದಳು. ನಿನ್ನೆಯ ವಾರ್ತೆಯ ಕೊನೆಗೆ ಅಕ್ಕ ಎಂದು ಹೇಳಿಕೊಂಡವರಿಗೂ ನಮ್ಮ ಮನೆಗೂ ಆರು ವರ್ಷದಿಂದ ಯಾವ ಸಂಬಂಧವೂ ಇಲ್ಲ ಎಂದು ಅದರಲ್ಲಿ ಬರೆದಿತ್ತು.

ಎಂಟೂವರೆಯಮ್ಮ ಅದನ್ನು ಪೂರ್ತಿ ಓದಿ ತಿರುಗಿಸಿ ಕೊಟ್ಟಳು. "ಸಹಿ ಇಲ್ಲ," ಎಂದಳು.

ತಮ್ಮನ ಹೆಂಡತಿ ಹಲ್ಲು ಕಚ್ಚಿಕೊಂಡು ಸಹಿ ಹಾಕಿದಳು.

ಎಂಟೂವರೆಗೆ ಕೆಂಪು ದೀಪ ಹೊತ್ತಿತು. ಯಾವ ಸಂಬಂಧವೂ ಇಲ್ಲವೆಂಬುದನ್ನು ಊರಿಗೆಲ್ಲ ಕೇಳುವಂತೆ, ಬಿಡಿಸಿ ಬಿಡಿಸಿ, ಎರಡು ಸಲ ಓದಿದಳು. ಕಣ್ಣು ಕಾಗದದ ಮೇಲಿಂದ ಏಳಲಿಲ್ಲ. ಆಮೇಲೆ, "ಓದಿದವಳು, ತೀರಿಕೊಂಡವನ ಅಕ್ಕ," ಎಂದಳು.

ದೀಪ ಆರಿತು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ನಾಳೇನೂ ಬರ್ತೀನಿ," ಎಂದಳು.

"ಎಂಟರೊಳಗೆ ಬಾ."