ಆರನೆಯ ಮುಖ

ನನಗೆ ಆರು ಮುಖಗಳಿವೆ. ಒಂದೂ ನನ್ನದಲ್ಲ. ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ, ಮದುವೆ ಕರೆಯೋಲೆಗಳ ನಡುವೆ, ನೋವಳೆಯುವ ಕಾರ್ಡಾಗಿ ಹುಟ್ಟಿದೆ. ಎಡತುದಿಯ ಮುಖ ನಗುತ್ತದೆ, ಬಲತುದಿಯದು ಅಳುತ್ತದೆ. ಪ್ಲಾಸ್ಟಿಕ್ ಹೊದಿಸಿ ಬಿಸಿ ಉರುಳೆಗಳ ನಡುವೆ ತಳ್ಳಿದರು. ಅಂದಿನಿಂದ ನನ್ನ ಯಾವ ಮುಖವೂ ಕಣ್ಣು ಮುಚ್ಚಿಲ್ಲ.

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಸಿಸ್ಟರ್ ಸುವಾರ್ತಾ ನನ್ನನ್ನು ಮಂಚದಿಂದ ಮಂಚಕ್ಕೆ ಒಯ್ಯುತ್ತಿದ್ದರು. "ನೋವು ಎಷ್ಟೈತಿ, ತೋರಸ್ರಿ." ರೋಗಿಗಳು ಬೆರಳಿಡುತ್ತಿದ್ದರು. ಕೆಳಗಿನಿಂದ ನೋಡುತ್ತಿದ್ದರೆ, ಮುಟ್ಟಿದ ಮುಖವೇ ಅವರ ಮೇಲೂ ಮೂಡುತ್ತಿತ್ತು.

ಬಾಳವ್ವನ ಮೇಲೆ ಮೂಡಲಿಲ್ಲ. ತೊಡೆಯೆಲುಬು ಮುರಿದು ರಾಡ್ ಹಾಕಿಸಿಕೊಂಡಿದ್ದ ಆಕೆ, ಪಕ್ಕದ ಮಂಚದವಳೊಂದಿಗೆ ನಗುತ್ತಲೇ ಆರನೆಯ ಮುಖ ಒತ್ತಿದಳು. ಮಧ್ಯಾಹ್ನವೂ ಅದೇ.

"ನಕ್ಕೋಂತ ಹರಟಿ ಹೊಡೀತಾಳ, ಕಡೀ ಮುಖ ತೋರಸ್ತಾಳ," ಎಂದರು ಸಿಸ್ಟರ್. "ಕೊಟ್ಟ ಇಂಜೆಕ್ಷನ್ ಆನೀಗೂ ಸಾಕು. ಬರೇ ನಾಟಕ."

ನನ್ನನ್ನು ಆಕೆಯ ಎದೆಯ ಮೇಲೆಯೇ ಬಿಟ್ಟು ಹೋದರು. ಸಂಜೆಗೆ ಬೆವರು, ಬಿಡದ ಆಕಳಿಕೆ, ತೋಳು ತುಂಬ ಮುಳ್ಳೆದ್ದ ರೋಮ. ಬಾಯಿ ಮಾತ್ರ ನಗುತ್ತಿತ್ತು, ಯಾರೋ ಅಂಟಿಸಿ ಮರೆತ ಹಾಗೆ.

"ಹಂಗ ನೋಡಬ್ಯಾಡ್ರಿ," ಎಂದಳು ನನಗೆ. ನನ್ನ ಮುಖಗಳಿಗೆ ಬೇರೆಡೆ ನೋಡಲು ಬರುವುದಿಲ್ಲ. ಆಕೆಯ ಬೆರಳು ಆರನೆಯದನ್ನೂ ದಾಟಿ, ಕಾರ್ಡು ಮುಗಿದ ಆಚೆಗೆ, ಬರಿ ಗಾಳಿಯಲ್ಲಿ ನಿಂತಿತು.

ಅದನ್ನು ಕಂಡವರು ಅರಿವಳಿಕೆಯ ಡಾಕ್ಟರ್ ನಸೀಮಾ. ಸ್ಟೂಲ್ ಎಳೆದು ಕೂತರು. "ಅವ್ವಾ, ಮನ್ಯಾಗ ಏನ್ ಗುಳಿಗಿ ತೊಗೋತಿದ್ರಿ? ನಾ ಬೈಯೂದಿಲ್ಲ."

ಬಾಳವ್ವ ಗೋಡೆಗೆ ತಿರುಗಿದಳು. "ಕ್ಯಾನ್ಸರ್ ನೋವಿಗೆ ಮಾರ್ಫಿನ್ ರೀ. ಮೂರು ವರ್ಷಾತು. ಚಟದಾಕಿ ಅಂತೀರಂತ ಮುಚ್ಚಿಟ್ಟೆ."

"ಚಟ ಅಲ್ಲವ್ವಾ, ಮೈಗೆ ರೂಢಿ ಆಗೇತಿ. ಅದು ನಿಂತದ್ದಕ್ಕ ಹಿಂಗಾಗೇತಿ. ಅದನ್ನೂ ಕೊಡತೀವಿ, ಆಪರೇಶನ್ ನೋವಿಗೆ ಬ್ಯಾರೇನೂ ಕೊಡತೀವಿ."

"ಮತ್ತ ಈ ನಗು?" ಎಂದರು ಸಿಸ್ಟರ್, ಮೆಲ್ಲಗೆ.

"ಮೂರು ವರ್ಷ ಅಳಕೋಂತ ಕುಂದ್ರಾಕ ಆಗತೈತೇನ ತಂಗಿ?" ಎಂದಳು ಬಾಳವ್ವ.

ತೊಡೆಯ ನರದ ಬಳಿ ಮರಗಟ್ಟಿಸುವ ಮದ್ದು ಕೊಟ್ಟರು, ಗುಳಿಗೆ ಮತ್ತೆ ಶುರುವಾಯಿತು. ಸಿಸ್ಟರ್ ಆಕೆಯ ಉಸಿರು ಎಣಿಸುತ್ತ ಪಕ್ಕದಲ್ಲೇ ಕೂತರು. ಮರುದಿನ ಬೆರಳು ಮೂರನೆಯ ಮುಖಕ್ಕೆ ಇಳಿಯಿತು. ಬಾಳವ್ವನ ನಗು ಹೋಗಿತ್ತು. ನಿದ್ದೆ ಬಂದಿತ್ತು.

ಈಗ ನಾನು ಮದ್ದಿನ ಕಪಾಟಿನ ಕೆಳಖಾನೆಯಲ್ಲಿದ್ದೇನೆ. ಬಲತುದಿಯ ಪ್ಲಾಸ್ಟಿಕ್ ಸುಲಿದು, ಬೆರಳುಗಳು ತೀಡಿ ತೀಡಿ, ಆರನೆಯ ಮುಖ ಅಳಿಸಿಹೋಗಿದೆ. ಹೊಸ ಸಿಸ್ಟರುಗಳು ಬಂದಾಗ ಸುವಾರ್ತಾ ನನ್ನನ್ನು ತೆಗೆದು ಆ ಖಾಲಿ ಜಾಗ ತೋರಿಸುತ್ತಾರೆ. "ಮಾರಿ ನೋಡಿ ತೀರ್ಮಾನ ಮಾಡಬ್ಯಾಡ್ರಿ. ಮನ್ಯಾಗ ಏನ್ ತೊಗೋತಿದ್ರು, ಮೊದಲ ಅದನ್ನ ಕೇಳ್ರಿ."

ಐದು ಮುಖಗಳಿಂದ ನಾನು ಅವರನ್ನು ನೋಡುತ್ತೇನೆ. ಆರನೆಯದರಿಂದಲೂ ಯಾರೋ ನೋಡುತ್ತಿರುತ್ತಾರೆ.